ಫೆಬ್ರುವರಿಯಲ್ಲಿ ಕರೆ, ಜೂನ್‌ನಲ್ಲಿ ನೆಂಟರು

1786ರ ಫೆಬ್ರುವರಿ 9. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಓಲ್ನಿ ಎಂಬ ಸಣ್ಣ ಪೇಟೆಯಲ್ಲಿ, ಸಂತೆ ಬಯಲಿಗೆ ಮುಖಮಾಡಿದ ಕೆಂಪು ಇಟ್ಟಿಗೆಯ ಮನೆಯಲ್ಲಿ ಕೂತು ಕವಿ ವಿಲಿಯಂ ಕೂಪರ್ ಲಂಡನ್ನಿಗೆ ಒಂದು ಪತ್ರ ಬರೆದ. ಬರೆದದ್ದು ಲೇಡಿ ಹ್ಯಾರಿಯೆಟ್ ಹೆಸ್ಕೆತ್‌ಗೆ. ಆಕೆ ಅವನ ಚಿಕ್ಕಪ್ಪನ ಮಗಳು, ವಿಧವೆ. ಇಬ್ಬರೂ ಮುಖ ನೋಡಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿತ್ತು. ನೀನು ಬರಲೇಬೇಕು, ಆದರೆ ಮೇ ಕೊನೆಗೋ ಜೂನ್ ಮೊದಲಿಗೋ ಬಾ, ಅದಕ್ಕೆ ಮುಂಚೆ ಬೇಡ ಎಂಬುದು ಪತ್ರದ ಸಾರಾಂಶ.

ಕಾರಣ ಏನೆಂದರೆ ಗಾಜಿನ ಮನೆ. ತೋಟದಲ್ಲಿದ್ದ ಆ ಪುಟ್ಟ ಗಾಜಿನ ಕೋಣೆಯಲ್ಲಿ ಚಳಿಗಾಲವೆಲ್ಲ ಗಿಡಗಳ ವಾಸ. ಬಿಸಿಲು ಬಲಿತು ಗಿಡಗಳು ಹೊರಗೆ ಬಂದ ಮೇಲೇ ಮನುಷ್ಯರಿಗೆ ಒಳಗೆ ಜಾಗ. ಗೋಡೆಗೆ ಚಾಪೆ, ನೆಲಕ್ಕೆ ಚಾಪೆ ಹಾಸಿ ಕೂಪರ್ ಅಲ್ಲಿ ಬೇಸಿಗೆಯ ಬೈಠಕ್ ಮಾಡುತ್ತಿದ್ದ. ಪಕ್ಕದಲ್ಲಿ ಮಿನ್ಯೊನೆಟ್ ಹೂವಿನ ಪಾತಿ, ಮಲ್ಲಿಗೆ, ಗುಲಾಬಿ, ಹನಿಸಕಲ್ ಬಳ್ಳಿಯ ಬೇಲಿ. ದಿನಾ ಒಂದು ಹೂಗುಚ್ಛ ಕಟ್ಟಿಕೊಡುತ್ತೇನೆ ಎಂದೂ ಮಾತು ಕೊಟ್ಟ. ಬರುವವಳಿಗೆ ಇನ್ನೂ ನಾಲ್ಕು ತಿಂಗಳು ಉಂಟು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಾಗಿಲು ದಾಟಿದ ತಕ್ಷಣ ಏನೇನು ಕಾಣುತ್ತದೆ ಎಂಬುದನ್ನೂ ಮೊದಲೇ ಬರೆದು ಕಳಿಸಿದ. ಬಲಗಡೆ ಒಂದು ಪೆಟ್ಟಿಗೆ, ಅವನೇ ಮಾಡಿದ್ದು. ಹಿಂದೆ ಅವನ ಸಾಕುಮೊಲಗಳು ಮಲಗುತ್ತಿದ್ದದ್ದು ಅದರಲ್ಲಿ. ಈಗ ಉಳಿದಿರುವುದು ಪುಸ್ ಒಂದೇ, ಅದಕ್ಕೂ ವಯಸ್ಸಾಗಿದೆ, ನೀನು ಬರುವಷ್ಟರಲ್ಲಿ ಇರಲಾರದು ಎಂದು ಬೇಸರದಲ್ಲೇ ನಗೆಯಾಡಿದ. ಜೊತೆಗೆ ಒಂದು ಬೀರು, ಅದೂ ಇವನ ಕೈಕೆಲಸ. ಎದುರಿಗೆ ಒಂದು ಮೇಜು. ಕೆಲಸದವಳು ತಿಕ್ಕಿ ತಿಕ್ಕಿ ಅದರ ಕಾಲೆಲ್ಲ ಸಡಿಲ, ಈಗ ಬರೀ ನೋಟಕ್ಕೆ. ಒರೆಸಿಟ್ಟ ಬೂಟುಗಳೆಲ್ಲ ಅದರ ಕೆಳಗೆ. ಆಮೇಲೆ ನಡುಮನೆಯ ಬಾಗಿಲು, ಅಲ್ಲಿ ಜೊತೆಯಲ್ಲೇ ವಾಸವಿರುವ ಮೇರಿ ಅನ್ವಿನ್ ನಿನ್ನನ್ನು ಎದುರುಗೊಳ್ಳುತ್ತಾಳೆ.

ಪುಸ್ ವಿಷಯದಲ್ಲಿ ಕೂಪರ್ ಹೇಳಿದ್ದು ನಿಜವಾಯಿತು. ಪತ್ರ ಬರೆದು ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 9ರ ಮಧ್ಯಾಹ್ನ, ಅದು ಸತ್ತಿತು. ವಯಸ್ಸು ಹನ್ನೊಂದು ವರ್ಷ ಹನ್ನೊಂದು ತಿಂಗಳು ಎಂದು ಆತ ಬರೆದಿಟ್ಟಿದ್ದಾನೆ. ಮೂರು ಮೊಲ ಸಾಕಿದ್ದ: ಪುಸ್, ಟೈನಿ, ಬೆಸ್. ಹೆಸರು ಏನೇ ಇರಲಿ ಮೂರೂ ಗಂಡೇ. ಅವುಗಳ ಸ್ವಭಾವದ ಬಗ್ಗೆ 1784ರಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಗೆ ಲೇಖನವನ್ನೇ ಬರೆದಿದ್ದ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಬೇಸಿಗೆಗೆ ಸ್ನೇಹಿತರ ಮನೆಗೆ ಹೋಗುವುದು ಒಂದು ಪದ್ಧತಿಯೇ ಆಗಿತ್ತು. ಅದಕ್ಕೆ ಕಾಲ ಗೊತ್ತು, ರೀತಿ ಗೊತ್ತು, ಖರ್ಚು ಗೊತ್ತು. ಅನುಕೂಲಸ್ಥರು ಚಳಿಗಾಲ, ವಸಂತವನ್ನು ಲಂಡನ್ನಿನಲ್ಲಿ ಕಳೆಯುತ್ತಿದ್ದರು. ಪಾರ್ಲಿಮೆಂಟು ನಡೆಯುವುದು ಆಗಲೇ. ಜೂನ್ 4ರಂದು ದೊರೆ ಮೂರನೇ ಜಾರ್ಜನ ಹುಟ್ಟುಹಬ್ಬ ಮುಗಿಯಿತೆಂದರೆ ಊರು ಖಾಲಿಯಾಗಲು ಶುರು. (1786ರ ಜೂನ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಬಿಸಿಯಾಗಿದ್ದ ವಿಷಯ ವಾರನ್ ಹೇಸ್ಟಿಂಗ್ಸ್‌ನದು. ಹೈದರ್ ಅಲಿಯೊಡನೆ ನಡೆದ ಎರಡನೇ ಮೈಸೂರು ಯುದ್ಧದ ಕಾಲಕ್ಕೆ ಗವರ್ನರ್ ಜನರಲ್ ಆಗಿದ್ದವನು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಕೂಪರ್‌ನ ಜೊತೆಗಾರ.)

ಕೂಪರ್ ಯಾರು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಹುಟ್ಟಿದ್ದು 1731ರಲ್ಲಿ. ವಕೀಲಿ ಓದಿದ. ಹ್ಯಾರಿಯೆಟ್‌ಳ ತಂಗಿ ಥಿಯೋಡೋರಾಳನ್ನು ಪ್ರೀತಿಸಿದ. ನಮ್ಮ ಲೆಕ್ಕದಲ್ಲಿ ಚಿಕ್ಕಪ್ಪನ ಮಗಳು ತಂಗಿಯೇ, ಅಲ್ಲಿ ಹಾಗಲ್ಲ. ಆದರೂ ಚಿಕ್ಕಪ್ಪ ಒಪ್ಪಲಿಲ್ಲ. 1763ರಲ್ಲಿ ಮನಸ್ಸಿನ ಕಾಯಿಲೆ ಹಿಡಿದು ಲಂಡನ್ ಬಿಟ್ಟವನು ಮತ್ತೆ ಆ ಬದುಕಿಗೆ ಮರಳಲಿಲ್ಲ. ಅನ್ವಿನ್ ಎಂಬ ಪಾದ್ರಿಯ ಸಂಸಾರ ಅವನನ್ನು ಮನೆಯವನಂತೆ ಇಟ್ಟುಕೊಂಡಿತು. ಪಾದ್ರಿ ತೀರಿಕೊಂಡ ಮೇಲೆ ಅವರ ಹೆಂಡತಿ ಮೇರಿಯ ಜೊತೆ ಓಲ್ನಿಗೆ ಬಂದು ನೆಲೆಸಿದ. ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ ಆಗ ಆ ಊರಿನ ಪಾದ್ರಿ. ಹಳೆಯ ಇಂಗ್ಲಿಷ್ ಪಠ್ಯಗಳಲ್ಲಿ ಜಾನ್ ಗಿಲ್ಪಿನ್ ಎಂಬ ಬಟ್ಟೆ ವ್ಯಾಪಾರಿಯ ಕುದುರೆ ಸವಾರಿಯ ಪದ್ಯ ಓದಿ ನಕ್ಕವರು ನಮ್ಮಲ್ಲೂ ಇರಬಹುದು. ಅದು ಈ ಕೂಪರ್‌ನದೇ. 1785ರಲ್ಲಿ ‘ದಿ ಟಾಸ್ಕ್’ ಕಾವ್ಯ ಅಚ್ಚಾಗಿ ಹೆಸರು ಬಂತು. ಎಷ್ಟೋ ವರ್ಷ ನಿಂತುಹೋಗಿದ್ದ ಪತ್ರವ್ಯವಹಾರವನ್ನು ಹ್ಯಾರಿಯೆಟ್ ಆ ಅಕ್ಟೋಬರಿನಲ್ಲಿ ಮತ್ತೆ ಶುರುಮಾಡಿದಳು.

ಪತ್ರವೆಂದರೆ ಆಗ ಬಿಟ್ಟಿ ಮಾತಲ್ಲ. ಅಂಚೆ ದುಡ್ಡು ಕೊಡಬೇಕಾದವರು ಬರೆದವರಲ್ಲ, ಪತ್ರ ಪಡೆದವರು. ದೂರ ಹೆಚ್ಚಿದಷ್ಟೂ ದರ ಹೆಚ್ಚು. ಒಂದು ಹಾಳೆ ಎರಡಾದರೆ ದರವೂ ಎರಡರಷ್ಟು. ಲಕೋಟೆಯನ್ನೂ ಹಾಳೆಯೆಂದೇ ಎಣಿಸುತ್ತಿದ್ದರಾದ್ದರಿಂದ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತಿ ಕಳಿಸುವುದು ವಾಡಿಕೆ. ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದ ಪತ್ರಗಳು ಮಾತ್ರ ಉಚಿತ. ಹಾಗಾಗಿ ಸದಸ್ಯರು ನೆಂಟರಿಷ್ಟರಿಗೆಲ್ಲ ಸಹಿ ಹಾಕಿಕೊಡುವುದು ಮಾಮೂಲಾಯಿತು. ಇದು ಮಿತಿಮೀರಿದ್ದಕ್ಕೆ 1784ರಲ್ಲಿ ಸರ್ಕಾರ, ತಾರೀಖನ್ನೂ ಊರನ್ನೂ ಸದಸ್ಯನೇ ಸ್ವಂತ ಕೈಯಿಂದ ಬರೆಯಬೇಕು ಎಂದು ಕಟ್ಟಳೆ ತಂದಿತು. ಅದೇ ವರ್ಷದ ಆಗಸ್ಟ್ 2ರಂದು ಜಾನ್ ಪಾಮರ್‌ನ ಮೊದಲ ಅಂಚೆ ಕೋಚು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಓಡಿತು, ಸುಮಾರು ಹದಿನಾರು ಗಂಟೆಯಲ್ಲಿ.

ಇನ್ನು ದಾರಿ. ಸ್ವಂತ ಗಾಡಿ ಇಲ್ಲದವರಿಗೆ ಎರಡು ಆಯ್ಕೆ. ಹತ್ತಾರು ಜನರ ಜೊತೆ ಸ್ಟೇಜ್ ಕೋಚು, ಇಲ್ಲವೇ ಪೋಸ್ಟ್ ಚೇಸ್ ಎಂಬ ಮುಚ್ಚಿದ ಬಾಡಿಗೆ ಗಾಡಿ. ಎರಡನೆಯದಕ್ಕೆ ಮೈಲಿಗೆ ಸುಮಾರು ಒಂದು ಶಿಲ್ಲಿಂಗ್. ಜೊತೆಗೆ ಟೋಲ್ ಗೇಟುಗಳ ಸುಂಕ, ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಿಸುವಾಗ ಸವಾರ ಹುಡುಗನಿಗೆ ಕೈಗಾಸು. ಹೊಲದ ಕೂಲಿಯವನ ಒಂದು ವಾರದ ದುಡಿಮೆ ಆಗ ಏಳೆಂಟು ಶಿಲ್ಲಿಂಗ್. ಲಂಡನ್ನಿನಿಂದ ಓಲ್ನಿಗೆ ಐವತ್ತು ಚಿಲ್ಲರೆ ಮೈಲಿ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಒಮ್ಮೆ ಬಂದವರು ಎರಡು ದಿನಕ್ಕೆ ಹೊರಡದೆ ತಿಂಗಳುಗಟ್ಟಲೆ ಯಾಕೆ ಉಳಿಯುತ್ತಿದ್ದರು ಎಂದು.

ನಡುದಾರಿಯ ವಸತಿಗೃಹಗಳ ಕಥೆ ಬೇರೆ. ನಾರ್ಫಕ್‌ನ ಪಾದ್ರಿ ಜೇಮ್ಸ್ ವುಡ್‌ಫರ್ಡ್ ತನ್ನವರನ್ನು ನೋಡಲು ಸಾಮರ್‌ಸೆಟ್‌ಗೆ ಹೊರಟದ್ದೂ ಅದೇ 1786ರ ಜೂನ್‌ನಲ್ಲಿ. ಲಂಡನ್ನಿನ ‘ಬೆಲ್ ಸ್ಯಾವೇಜ್’ನಲ್ಲಿ ತಿಗಣೆ ಕಾಟ ತಡೆಯಲಾರದೆ ಬೆಳಗಿನ ನಾಲ್ಕಕ್ಕೇ ಎದ್ದು ಊರು ಸುತ್ತಿದ. ಮರುರಾತ್ರಿ ಬಟ್ಟೆಯನ್ನೇ ಬಿಚ್ಚದೆ, ದೊಡ್ಡ ಕುರ್ಚಿಯಲ್ಲಿ ಕೂತು, ಕಾಲನ್ನು ಮಂಚದ ಮೇಲಿಟ್ಟು ನಿದ್ದೆ ಹೊಡೆದ. ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಹೆಂಗಸರಿಗೆ ಇನ್ನೊಂದು ತೊಡಕು. ಮರ್ಯಾದಸ್ಥ ಮನೆಯ ಹುಡುಗಿ ಒಬ್ಬಳೇ ಕೋಚು ಹತ್ತುವಂತಿರಲಿಲ್ಲ. 1796ರ ಸೆಪ್ಟೆಂಬರಿನಲ್ಲಿ ಮುಂದೆ ಕಾದಂಬರಿಕಾರ್ತಿಯಾದ ಇಪ್ಪತ್ತರ ಜೇನ್ ಆಸ್ಟಿನ್ ಕೆಂಟ್‌ನ ರೌಲಿಂಗ್‌ನಲ್ಲಿ ಅಣ್ಣನ ಮನೆಗೆ ಬಂದವಳು, ವಾಪಸು ಕರೆದೊಯ್ಯಲು ಯಾವ ಅಣ್ಣನಿಗೆ ಪುರಸೊತ್ತಾದೀತು ಎಂದು ಕಾಯುತ್ತಾ ಉಳಿದಳು. ಎರಡು ವರ್ಷದ ಮೇಲೆ ತಂದೆತಾಯಿಯ ಜೊತೆ ಕೆಂಟ್‌ನಿಂದಲೇ ಹಿಂತಿರುಗುವಾಗ ಡಾರ್ಟ್‌ಫರ್ಡ್‌ನ ವಸತಿಗೃಹದಲ್ಲಿ ಅವಳ ಬರವಣಿಗೆ ಪೆಟ್ಟಿಗೆ ತಪ್ಪಿ ಇನ್ನೊಬ್ಬರ ಗಾಡಿಗೆ ಏರಿಬಿಟ್ಟಿತ್ತು. ಗಾಡಿ ಹೊರಟದ್ದು ಗ್ರೇವ್‌ಸೆಂಡ್ ಬಂದರಿಗೆ, ಅಲ್ಲಿಂದ ಸಾಮಾನು ವೆಸ್ಟ್ ಇಂಡೀಸ್‌ಗೆ. ಪೆಟ್ಟಿಗೆಯಲ್ಲಿ ಅವಳ ಆಸ್ತಿಯೆಲ್ಲ, ಏಳು ಪೌಂಡ್. ಕುದುರೆ ಸವಾರನನ್ನು ಓಡಿಸಿ ಎರಡು ಮೂರು ಮೈಲಿಯಲ್ಲಿ ಹಿಡಿದು ತರಿಸಿದರು.

ಮನೆ ಸೇರಿದ ಮೇಲೂ ಖರ್ಚು ನಿಲ್ಲುತ್ತಿರಲಿಲ್ಲ. ಹೊರಡುವ ದಿನ ಆತಿಥೇಯರ ಮನೆಯ ಆಳುಗಳೆಲ್ಲ ಸಾಲಾಗಿ ನಿಂತು ಇನಾಮು ನಿರೀಕ್ಷಿಸುವುದು ಶತಮಾನದ ನಡುವಿನವರೆಗೂ ನಡೆಯಿತು. ಕೊಡೆ ಹಿಡಿದು ನಡೆದು ಲಂಡನ್ನಿಗರ ನಗೆಗೆ ಗುರಿಯಾದ ಜೋನಸ್ ಹ್ಯಾನ್ವೆ ಈ ರೂಢಿಯ ವಿರುದ್ಧ ಬರೆದ. ಯಜಮಾನರು ಒಗ್ಗಟ್ಟಾಗಿ ಅದನ್ನು ನಿಲ್ಲಿಸಲು ಹೊರಟಾಗ 1764ರಲ್ಲಿ ರ‍್ಯಾನೆಲಾ ಉದ್ಯಾನದಲ್ಲಿ ಆಳುಗಳು ದೊಂಬಿ ಎಬ್ಬಿಸಿದರು.

ಓಲ್ನಿಗೆ ಮರಳೋಣ. ಫೆಬ್ರುವರಿಯಲ್ಲಿ ಕೂಪರ್‌ನದು ಒಂದೇ ಹಟ: ವಸತಿಗೃಹದ ಮಾತೇ ಎತ್ತಬೇಡ, ನಮ್ಮಲ್ಲೇ ಉಳಿ. ಅನ್ವಿನ್‌ಳ ಮಗ, ಸೊಸೆ, ಮೊಮ್ಮಗ ಎಲ್ಲ ಒಟ್ಟಿಗೆ ಬಂದಾಗಲೂ ಜಾಗ ಸಾಲದೇ ಹೋಗಲಿಲ್ಲ ಎಂದು ವಾದಿಸಿದ. ಆದರೆ ಬರುವವಳು ಸರದಾರನ ವಿಧವೆ, ಜೊತೆಗೆ ಆಳುಕಾಳು, ಉಳಿಯುವುದು ತಿಂಗಳುಗಟ್ಟಲೆ. ಏಪ್ರಿಲ್ ಹೊತ್ತಿಗೆ ಊರಿನ ಪಾದ್ರಿಮನೆಯನ್ನೇ ಬಾಡಿಗೆಗೆ ಹಿಡಿಯುವುದು ಎಂದಾಯಿತು. ಲಾರ್ಡ್ ಡಾರ್ಟ್‌ಮತ್ ಕಟ್ಟಿಸಿದ ಹೊಸ ಕಲ್ಲಿನ ಮನೆ ಅದು. ಕಿಟಕಿಯಿಂದ ಊಸ್ ನದಿ, ಹುಲ್ಲುಗಾವಲು, ಆಚೆಗೆ ಎಂಬರ್‌ಟನ್ ಹಳ್ಳಿ, ಉದ್ದನೆಯ ಸೇತುವೆ ಎಲ್ಲ ಕಾಣುತ್ತಿತ್ತು. ತೋಟದಲ್ಲಿ ಮಾತ್ರ ನೆರಳಿಲ್ಲ. ಅದಕ್ಕೇನು, ನಮ್ಮ ತೋಟ ನಿನ್ನದೇ ಎಂದ ಕೂಪರ್.

ನಡುವೆ ಇದ್ದದ್ದು ಒಂದು ಹಣ್ಣಿನ ತೋಪು. ನ್ಯೂಟನ್ ಇದ್ದ ಕಾಲದಲ್ಲಿ ಕೂಪರ್ ಅವನ ಮನೆಗೆ ಹೋಗಿಬರುತ್ತಿದ್ದದ್ದು ಆ ತೋಪಿನ ಮೂಲಕವೇ. ಹಾದುಹೋಗಲು ವರ್ಷಕ್ಕೆ ಒಂದು ಗಿನಿ ನಾಣ್ಯ ಕೊಡುತ್ತಿದ್ದರು; ಹಾಗಾಗಿ ಅದಕ್ಕೆ ಗಿನಿ ಹೊಲ ಎಂದೇ ಹೆಸರು. ಬೇಲಿ ದಾಟಿ ಗೆಳೆಯನ ಹಿತ್ತಿಲಿಗೆ ಹೋಗಲು ವರ್ಷಕ್ಕೊಂದು ಗಿನಿ ತೆತ್ತವರ ಸ್ನೇಹ ಎಂಥದ್ದಿರಬೇಕು! ಈಗ ಅದೇ ದಾರಿ ಹ್ಯಾರಿಯೆಟ್‌ಳಿಗೆ ಬಂತು. ಪೇಟೆ ಬೀದಿ ಸುತ್ತಿ ಬರಬೇಕಿಲ್ಲ, ಎರಡೂ ಮನೆ ಒಂದೇ ಆದಂತೆ ಎಂದು ಕೂಪರ್ ಹಿಗ್ಗಿ ಬರೆದ. ಓದಲು ಪುಸ್ತಕ ಬೇಕಿದ್ದರೆ ನೀನೇ ತಾ, ಇಲ್ಲಿರುವುದು ಕೂಪರ್ ಎಂಬ ಕವಿಯ ಪುಸ್ತಕ ಮಾತ್ರ ಎಂದು ಎಚ್ಚರಿಸುವುದನ್ನೂ ಮರೆಯಲಿಲ್ಲ.

ಈ ಪತ್ರಗಳ ಸೊಗಸಿಗೆ ಸೋಲುವಾಗ ಒಂದು ಮಾತು ನೆನಪಿರಲಿ. ಮನೆ ಗುಡಿಸಿದ್ದು, ಹಾಸಿಗೆ ಒಣಗಿಸಿದ್ದು, ಅಡುಗೆ ಬೇಯಿಸಿದ್ದು ಕವಿಯಲ್ಲ. ಫೆಬ್ರುವರಿಯ ಆ ಬಣ್ಣನೆಯಲ್ಲಿ ಕೆಲಸದವಳು ಕಾಣಿಸಿಕೊಳ್ಳುವುದು ಮೇಜು ಹಾಳುಮಾಡಿದವಳಾಗಿ.

ಜೂನ್ ನಡುವಿಗೆ ಹ್ಯಾರಿಯೆಟ್ ಬಂದಳು. ಕಾದು ಕಾದು ದಣಿದಿದ್ದ ಕೂಪರ್‌ಗೆ ಮೊದಲು ಸಂತೋಷಕ್ಕಿಂತ ಮಂಕೇ ಕವಿಯಿತು. ಎರಡು ಮೂರು ದಿನದಲ್ಲಿ ತಿಳಿಯಾದ. ಆಕೆ ಇದ್ದದ್ದು ಶರತ್ಕಾಲ ಕಳೆಯುವತನಕ. ಬೆಳಿಗ್ಗೆ ಹೋಮರನ ಅನುವಾದ, ಸಂಜೆ ನಡಿಗೆ, ರಾತ್ರಿ ಮೂವರ ಮಾತು. ಓಲ್ನಿಯ ಮನೆ ತೇವ, ಇಕ್ಕಟ್ಟು ಎಂದು ಆಕೆಗೆ ಬೇಗನೆ ಗೊತ್ತಾಯಿತು. ಒಂದು ಮೈಲಿ ಆಚೆ ವೆಸ್ಟನ್ ಅಂಡರ್‌ವುಡ್‌ನಲ್ಲಿ ಥ್ರಾಕ್‌ಮಾರ್ಟನ್ ಮನೆತನದವರ ಒಂದು ಮನೆ ಖಾಲಿಯಿತ್ತು. ಆಕೆಯ ನೆರವಿನಿಂದ ಕೂಪರ್ ಮತ್ತು ಮೇರಿ ನವೆಂಬರಿನಲ್ಲಿ ಅಲ್ಲಿಗೆ ಹೋದರು. ನೆಂಟಳು ಬಂದುಹೋದ ಒಂದು ಬೇಸಿಗೆ ಹದಿನೆಂಟು ವರ್ಷದ ಬಿಡಾರವನ್ನೇ ಬದಲಿಸಿತು.

ಕೂಪರ್ ತಾನೇ ನೆಂಟನಾಗಿ ಹೋದದ್ದು ಒಂದೇ ದೊಡ್ಡ ಪಯಣ. 1792ರ ಆಗಸ್ಟ್ 1ರಂದು ಸಸೆಕ್ಸ್‌ನ ಅರ್ಥಮ್‌ಗೆ, ಗೆಳೆಯ ವಿಲಿಯಂ ಹೇಲಿಯ ಮನೆಗೆ. ಲಕ್ವ ಹೊಡೆದಿದ್ದ ಮೇರಿ ಜೊತೆಗೆ, ನಾಯಿ ಬೋ ಕೂಡ. ಮೂರು ದಿನದ ಪ್ರಯಾಣ. ಬಾರ್ನೆಟ್‌ನಲ್ಲಿ ಒಂದು ರಾತ್ರಿ, ರಿಪ್ಲಿಯಲ್ಲಿ ಇನ್ನೊಂದು. ಇಪ್ಪತ್ತು ವರ್ಷ ಊರ ಸುತ್ತಮುತ್ತಲಿನ ಬಯಲು ಬಿಟ್ಟು ಹೋಗದವನಿಗೆ ಸಸೆಕ್ಸ್‌ನ ಗುಡ್ಡಗಳೇ ಎದೆ ನಡುಗಿಸಿದವು. ಅಲ್ಲಿ ಚಿತ್ರಕಾರ ಜಾರ್ಜ್ ರಾಮ್ನಿ ಬರೆದ ಅವನ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಮೇರಿ 1796ರಲ್ಲಿ ತೀರಿಕೊಂಡಳು, ಕೂಪರ್ 1800ರಲ್ಲಿ.

ಓಲ್ನಿಯ ಆ ಇಟ್ಟಿಗೆ ಮನೆ 1900ರಿಂದ ಕೂಪರ್ ಮತ್ತು ನ್ಯೂಟನ್ ಮ್ಯೂಸಿಯಂ. ಹಿತ್ತಿಲಲ್ಲಿ ಕವಿ ಬರೆಯಲು ಕೂರುತ್ತಿದ್ದ ಗೂಡಿನಂಥ ಬೇಸಿಗೆ ಕೋಣೆ ಇನ್ನೂ ನಿಂತಿದೆ. ಹಿಂದೆ ಅದು ಔಷಧಿ ಅಂಗಡಿಯವನೊಬ್ಬನ ಧೂಮಪಾನದ ಕೋಣೆ. ಅವನು ಬಾಟಲಿ ಇಡುತ್ತಿದ್ದ ಕುಳಿ ನೆಲದ ಹಲಗೆಯ ಕೆಳಗಿದೆ. ಒಳಗೋಡೆಯ ತುಂಬ ಹಳೆಯ ಭೇಟಿಗಾರರು ಗೀಚಿದ ಹೆಸರುಗಳು. ಷೇಕ್ಸ್‌ಪಿಯರ್‌ನ ಊರಿಗೆ ನುಗ್ಗುವ ಜನಸಾಗರ ಇಲ್ಲಿಲ್ಲ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಕನ್ನಡಿಗರು ಒಂದು ದಿನ ಇದಕ್ಕೂ ಇಡಬಹುದು. ಓಲ್ನಿಗೆ ಈಗ ರೈಲಿಲ್ಲ. ಮಿಲ್ಟನ್ ಕೀನ್ಸ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮ್ಯೂಸಿಯಂ ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ.