ಮುಪ್ಪಿನಲ್ಲಿ ಪಿತ್ತಕೋಶದ ಕಲ್ಲು

ಬೇರೆ ಯಾವುದೋ ಕಾರಣದಿಂದ ಹೊಟ್ಟೆಯ ಸ್ಕ್ಯಾನ್ ತೆಗೆಯಿಸಿದ ಎಂಬತ್ತು ವರ್ಷದ ಹಿರಿಯರೊಬ್ಬರ ವರದಿಯಲ್ಲಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂಬ ಒಂದು ಸಾಲು ಇರುವುದೆಂದು ಭಾವಿಸೋಣ. ಆ ಒಂದು ಸಾಲಿನಿಂದ ಮನೆಯಲ್ಲಿ ಎರಡು ಪಕ್ಷಗಳು ಏರ್ಪಡುವುವು. “ಈಗಲೇ ತೆಗೆಯಿಸಿಬಿಡೋಣ, ನಾಳೆ ಹೆಚ್ಚಾದರೆ ಏನು ಗತಿ?” ಎಂಬುದು ಮಗನ ವಾದ. “ಈ ವಯಸ್ಸಿನಲ್ಲಿ ಅವರ ಮೈಗೆ ಕತ್ತಿ ತಾಗಿಸುವುದುಂಟೆ?” ಎಂಬುದು ಮನೆಯೊಡತಿಯ ವಾದ. ಇವರಿಬ್ಬರೂ ವಯಸ್ಸನ್ನೂ ಭಯವನ್ನೂ ಮುಂದಿಟ್ಟುಕೊಂಡು ಮಾತನಾಡುತ್ತಿರುವರು. ಕಲ್ಲು ಏನು ಮಾಡುತ್ತಿದೆ, ಎಲ್ಲಿದೆ, ದೇಹದಲ್ಲಿ ಎಷ್ಟು ಬಲವಿದೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕೆಂಬುದೇ ನಮ್ಮ ಈ ಭಾಷಣದ ಸಾರಾಂಶ. ನಾವು ಚಿಕಿತ್ಸಕರಲ್ಲ, ಕಾಲೇಜಿನಲ್ಲಿ ಶರೀರಧರ್ಮಶಾಸ್ತ್ರವನ್ನು ಬೋಧಿಸತಕ್ಕವರು. ಆದುದರಿಂದ ಔಷಧವನ್ನು ಹೇಳಿಕೊಡುವ ಸಾಹಸಕ್ಕೆ ಕೈಹಾಕದೆ, ವಿಷಯವನ್ನು ವಿಶದಪಡಿಸುವುದಕ್ಕಷ್ಟೇ ಯತ್ನಿಸುವೆವು.

ನಮ್ಮ ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಉತ್ಪತ್ತಿ ಮಾಡುವುದು. ಅದರ ಅಡಿಯಲ್ಲಿ ಅಂಟಿಕೊಂಡಿರುವ ಪಿತ್ತಕೋಶವೆಂಬ ಪುಟ್ಟ ಚೀಲದಲ್ಲಿ ಹಿಡಿಯುವುದು ಸುಮಾರು ೩೦ರಿಂದ ೫೦ ಮಿಲಿಲೀಟರು ಮಾತ್ರ. ಈ ಚೀಲವು ರಸದ ನೀರನ್ನು ಹೀರಿ ಅದನ್ನು ಗಟ್ಟಿ ಮಾಡಿಟ್ಟುಕೊಂಡು, ನಾವು ಜಿಡ್ಡಿನ ಊಟ ಮಾಡಿದಾಗ ಹಿಂಡಿಕೊಂಡು ಕರುಳಿಗೆ ಬಿಡುವುದು. ರಸದಲ್ಲಿ ಕೊಲೆಸ್ಟರಾಲು ಮಿತಿಮೀರಿದರೆ, ಅಥವಾ ಚೀಲವು ಸರಿಯಾಗಿ ಬರಿದಾಗದಿದ್ದರೆ, ಕಣಗಳು ಕೂಡಿ ಕಲ್ಲಾಗುವುವು. ವಯಸ್ಸಾದಂತೆಲ್ಲ ಇದರ ಸಂಭವ ಹೆಚ್ಚು. ಮೂತ್ರಪಿಂಡದ ಕಲ್ಲೇ ಬೇರೆ, ಇದೇ ಬೇರೆ. ಬಾಳೆದಿಂಡಿನ ರಸವನ್ನಾಗಲಿ ತಂಬಿಗೆಗಟ್ಟಲೆ ನೀರನ್ನಾಗಲಿ ಕುಡಿದು ಪಿತ್ತಕೋಶದ ಕಲ್ಲನ್ನು ತೊಳೆದುಹಾಕಲು ಹೊರಡುವವರು, ಈ ಚೀಲಕ್ಕೂ ಮೂತ್ರಮಾರ್ಗಕ್ಕೂ ಯಾವ ದಾರಿಯೂ ಇಲ್ಲವೆಂಬುದನ್ನು ಮರೆತಿರುವರು.

ಮೊದಲನೆಯದಾಗಿ, ಮೌನವಾಗಿರುವ ಕಲ್ಲು. ಇಂಥವರ ಪೈಕಿ ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರಿಗೆ ಮಾತ್ರ ನೋವು ತೋರುವುದು. ಹೆಚ್ಚಿನವರು ಕಲ್ಲಿನ ಪರಿವೆಯೇ ಇಲ್ಲದೆ ಆಯುಷ್ಯವನ್ನು ಕಳೆಯುವರು. ಆದುದರಿಂದ ಅದನ್ನು ಮುಟ್ಟದೆ ಬಿಡುವುದೇ ಸಾಮಾನ್ಯವಾದ ನಿಯಮ. ಚೀಲದ ಗೋಡೆ ಸುಣ್ಣಗಟ್ಟಿರುವುದು, ಒಳಗೆ ಗಂಟು ಬೆಳೆದಿರುವುದು ಮುಂತಾದ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಅಪವಾದ. ನಮ್ಮ ಎಂಬತ್ತರ ಹಿರಿಯರು ನೆಮ್ಮದಿಯಾಗಿ ಉಂಡು ಓಡಾಡಿಕೊಂಡಿದ್ದರೆ, ಇಲ್ಲಿ ಮನೆಯೊಡತಿಯ ಮಾತೇ ಗೆದ್ದಿತು.

ಎರಡನೆಯದಾಗಿ, ಆಗಾಗ ನೋಯಿಸುವ ಕಲ್ಲು. ಊಟದ ತರುವಾಯ ಬಲ ಪಕ್ಕೆಯ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವೆದ್ದು ಕೆಲವು ಗಂಟೆಗಳಲ್ಲಿ ಶಮನವಾಗುವುದು ಇದರ ಲಕ್ಷಣ. ಕರಿದ ತಿಂಡಿ, ತುಪ್ಪ, ಬೆಣ್ಣೆಗಳನ್ನು ಮಿತಿಗೊಳಿಸಿದರೆ ಚೀಲವು ಬಲವಾಗಿ ಹಿಂಡಿಕೊಳ್ಳದೆ ನೋವು ಕಡಮೆಯಾಗಬಹುದು. ಆದರೆ ಪಥ್ಯದಿಂದ ಕಲ್ಲು ಕರಗದು. ಉಪವಾಸವಿದ್ದು ದೇಹವನ್ನು ಬೇಗ ಇಳಿಸಿದರೆ ಹೊಸ ಕಲ್ಲುಗಳೇ ಹುಟ್ಟಬಹುದು. ಕರಗಿಸುವ ಔಷಧವೊಂದು ನಿಜವಾಗಿ ಉಂಟು. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲವೆಂದು ಅದರ ಹೆಸರು. ಅದು ಸುಣ್ಣಗಟ್ಟದ, ಸಣ್ಣ ಕೊಲೆಸ್ಟರಾಲು ಕಲ್ಲುಗಳನ್ನು ಮಾತ್ರ, ಅದೂ ಚೀಲವು ಕೆಲಸ ಮಾಡುತ್ತಿದ್ದರೆ, ಆರು ತಿಂಗಳಿಂದ ಎರಡು ವರ್ಷಗಳಲ್ಲಿ ಕರಗಿಸಬಲ್ಲದು. ಕರಗಿದ ಮೇಲೂ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಕಲ್ಲಾಗುವುದು. ಇನ್ನು ಆಲಿವ್ ಎಣ್ಣೆಯನ್ನೂ ನಿಂಬೆರಸವನ್ನೂ ಕುಡಿದರೆ ಹಸುರು ಕಲ್ಲುಗಳು ಹೊರಬೀಳುವುವೆಂಬ ಪ್ರಚಾರವುಂಟು. ಅಂಥ ಉಂಡೆಗಳನ್ನು ಪರೀಕ್ಷಿಸಿ, ಅವು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾದ ಮುದ್ದೆಗಳೆಂದು ೨೦೦೫ರಲ್ಲಿ ಲಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿರುವರು.

ಮೂರನೆಯದಾಗಿ, ತೊಡಕನ್ನು ತಂದ ಕಲ್ಲು. ಅದು ಜಾರಿ ಪಿತ್ತನಾಳವನ್ನು ಮುಚ್ಚಿದರೆ ಕಾಮಾಲೆಯೂ ಚಳಿಜ್ವರವೂ ಬರುವುವು. ಆಗ ಬಾಯಿಯ ಮೂಲಕ ಎಂಡೋಸ್ಕೋಪು ಎಂಬ ನಳಿಕೆಯನ್ನಿಳಿಸಿ, ಹೊಟ್ಟೆಯನ್ನು ಕೊಯ್ಯದೆ, ನಾಳದ ಬಾಯನ್ನು ಹಿರಿದು ಮಾಡಿ ಕಲ್ಲನ್ನು ತೆಗೆಯುವರು. ಜರ್ಮನಿಯಲ್ಲಿಯೂ ಜಪಾನಿನಲ್ಲಿಯೂ ೧೯೭೪ರಲ್ಲಿ ಪ್ರಕಟವಾದ ಈ ವಿಧಾನವು ಮುದುಕರಿಗೆ ಮಹೋಪಕಾರವನ್ನು ಮಾಡಿರುವುದು. ಪಿತ್ತಕೋಶವೇ ಉರಿಯೂತದಿಂದ ಬಾತರೆ, ರೋಗನಿರೋಧಕ ಔಷಧಗಳೊಡನೆ, ಆ ಭಾಗವನ್ನಷ್ಟೇ ಮರಗಟ್ಟಿಸಿ, ಚರ್ಮದ ಮೂಲಕ ಸಣ್ಣ ಕೊಳವೆಯನ್ನು ತೂರಿಸಿ ಕೀವನ್ನು ಹೊರಹರಿಸಬಹುದು.

ಹಾಗಾದರೆ ಕೊಳವೆಯೇ ಸಾಕಲ್ಲವೆ? ಇಲ್ಲಿ ಮಗನ ವಾದಕ್ಕೂ ಬಲವುಂಟು. ಅಪಾಯ ಹೆಚ್ಚೆಂದು ಎಣಿಸಲ್ಪಟ್ಟ ರೋಗಿಗಳಲ್ಲಿ, ಅತ್ಯಂತ ವಿಷಮಸ್ಥಿತಿಯವರನ್ನು ಬಿಟ್ಟು, ಈ ಎರಡು ಮಾರ್ಗಗಳನ್ನೂ ಹೋಲಿಸಿ ನೋಡಿದ ಡಚ್ ವೈದ್ಯರು ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ದೊಡ್ಡ ತೊಡಕುಗಳು ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೧೨, ಕೊಳವೆ ಹಾಕಿಸಿಕೊಂಡವರಲ್ಲಿ ನೂರಕ್ಕೆ ೬೫. ಬರ್ಲಿನ್ನಿನ ಲಾಂಗೆನ್‌ಬುಖ್ ೧೮೮೨ರಲ್ಲಿ ಮೊದಲು ಪಿತ್ತಕೋಶವನ್ನು ತೆಗೆದಾಗಿನ ದೊಡ್ಡ ಕೊಯ್ತವೇ ಇಂದಿಗೂ ಎಲ್ಲರಿಗೂ ಬೇಕಾಗುವುದಿಲ್ಲ. ೧೯೮೫ರಲ್ಲಿ ಜರ್ಮನಿಯ ಮ್ಯೂಹೆ ಆರಂಭಿಸಿದ ಸಣ್ಣ ರಂಧ್ರಗಳ ವಿಧಾನವು ಈಗ ಎಲ್ಲೆಡೆ ರೂಢಿಗೆ ಬಂದಿರುವುದು. ಆದುದರಿಂದ ಅರಿವಳಿಕೆಯನ್ನು ತಡೆದುಕೊಳ್ಳುವ ಶಕ್ತಿಯಿದ್ದರೆ ವಯಸ್ಸೊಂದೇ ಅಡ್ಡಿಯಾಗಲಾರದು. ಹೃದಯವೋ ಶ್ವಾಸಕೋಶವೋ ಬಹಳ ದುರ್ಬಲವಾಗಿದ್ದರೆ ಮೇಲೆ ಹೇಳಿದ ಉಪಾಯಗಳೇ ಆಶ್ರಯ.

ಕಡೆಯದಾಗಿ ಒಂದು ಎಚ್ಚರಿಕೆ. ವೃದ್ಧರಲ್ಲಿ ರೋಗವು ಸದ್ದಿಲ್ಲದೆ ಬರುವುದು. ನೋವೂ ಜ್ವರವೂ ಅಲ್ಪವಾಗಿದ್ದು, ಊಟ ಸೇರದಿರುವುದು, ಮಂಕು ಕವಿಯುವುದು, ಮಾತು ತಡವರಿಸುವುದು ಇಷ್ಟೇ ಕುರುಹಾಗಿರಬಹುದು. ಇಂಥದನ್ನು “ವಯಸ್ಸಾಯಿತು” ಎಂದು ತಳ್ಳಿಹಾಕಲಾಗದು. ಕಣ್ಣು ಹಳದಿಯಾದರೆ, ಚಳಿಯೊಡನೆ ಜ್ವರ ಬಂದರೆ, ನೋವು ಐದಾರು ಗಂಟೆ ಬಿಡದಿದ್ದರೆ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಕತ್ತಿಯಿಲ್ಲದೆ ಕಾಯುವುದೂ ಒಂದು ಚಿಕಿತ್ಸೆಯೇ ಸರಿ; ಆದರೆ ಕಾಯುವವರು ಕಣ್ಣು ತೆರೆದಿರಬೇಕು. ಮತ್ತು ತೀರ್ಮಾನಿಸುವಾಗ ಮಗನನ್ನೂ ಮನೆಯೊಡತಿಯನ್ನೂ ಕೇಳುವಂತೆ, ಯಾರ ದೇಹವೋ ಆ ಹಿರಿಯರನ್ನೂ ಒಮ್ಮೆ ಕೇಳಬೇಕೆಂಬುದನ್ನು ನಾವು ಮರೆಯದಿರೋಣ.