ಕೂಡಿ ಬೆಳೆಯುವ ಸಂಖ್ಯೆ, ಗುಣಿಸಿ ಬೆಳೆಯುವ ಸಂಖ್ಯೆ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಬಣಕಲ್ ಸಿಕ್ಕುವುದು. ಅದರ ಸುತ್ತಲಿನ ಗುಡ್ಡಗಳ ಇಳಿಜಾರುಗಳಲ್ಲಿ ಎತ್ತ ನೋಡಿದರೂ ಕಾಫಿಯ ತೋಟಗಳೇ. ಇಂಥ ಇಳಿಜಾರು ಎಷ್ಟೋ ಕಡೆ ನೆತ್ತಿಯಲ್ಲಿ ಕಿರಿದಾಗಿಯೂ ಬುಡದಲ್ಲಿ ಅಗಲವಾಗಿಯೂ ಇರುವುದುಂಟು. ಹೊಸದಾಗಿ ಗಿಡ ನೆಡಬೇಕೆಂದಿರುವ ಬೆಳೆಗಾರನೊಬ್ಬನ ಇಳಿಜಾರಿನಲ್ಲಿ ಎಲ್ಲಕ್ಕೂ ಮೇಲಿನ ಸಾಲಿಗೆ 12 ಗಿಡಗಳು ಹಿಡಿಯುವುವೆಂದೂ, ಕೆಳಕ್ಕೆ ಬಂದಂತೆ ಸಾಲೊಂದಕ್ಕೆ ಮೂರು ಮೂರು ಗಿಡಗಳು ಹೆಚ್ಚುವುವೆಂದೂ, ಒಟ್ಟು 40 ಸಾಲುಗಳೆಂದೂ ಇಟ್ಟುಕೊಳ್ಳೋಣ. ಮಳೆಗಾಲ ಹಿಡಿಯುವ ಮೊದಲು ಅವನು ಎಷ್ಟು ಸಸಿಗಳನ್ನು ಸಿದ್ಧಪಡಿಸಿಕೊಳ್ಳಬೇಕು?

12, 15, 18, 21 ಎಂದು ನಲವತ್ತು ಸಂಖ್ಯೆಗಳನ್ನು ಬರೆದು ಕೂಡಬಹುದು. ಆದರೆ ಅದಕ್ಕಿಂತ ಸುಲಭವಾದ ಉಪಾಯವೊಂದುಂಟು. ಇದೇ ಅಳತೆಯ ಇನ್ನೊಂದು ಇಳಿಜಾರನ್ನು ತಲೆಕೆಳಗು ಮಾಡಿ ಇದರ ಪಕ್ಕದಲ್ಲಿ ಇಟ್ಟಂತೆ ಭಾವಿಸಿಕೊಳ್ಳಿರಿ. ಮೊದಲನೆಯದರ ಮೇಲಿನ ಸಾಲಿನ 12 ಗಿಡಗಳ ಎದುರಿಗೆ ಎರಡನೆಯದರ ಕೊನೆಯ ಸಾಲಿನ 129 ಗಿಡಗಳು ಬರುತ್ತವೆ. 15ರ ಎದುರಿಗೆ 126, 18ರ ಎದುರಿಗೆ 123. ಒಂದು ಕಡೆ ಮೂರು ಹೆಚ್ಚಿದರೆ ಇನ್ನೊಂದು ಕಡೆ ಮೂರು ತಗ್ಗುವುದರಿಂದ ಪ್ರತಿಯೊಂದು ಜೋಡಿಸಾಲಿನಲ್ಲಿಯೂ 141 ಗಿಡಗಳೇ. ನಲವತ್ತು ಸಾಲಿಗೆ 5,640. ಎರಡು ಇಳಿಜಾರು ಸೇರಿ ಇಷ್ಟಾದುದರಿಂದ ಒಂದಕ್ಕೆ ಇದರ ಅರ್ಧ, ಎಂದರೆ 2,820 ಸಸಿಗಳು. ನಿಜವಾದ ಗುಡ್ಡ ನಮ್ಮ ಲೆಕ್ಕಕ್ಕೆ ಇಷ್ಟು ವಿಧೇಯವಾಗಿ ನಡೆಯುವುದಿಲ್ಲವೆಂಬುದು ಬೆಳೆಗಾರರಿಗೆ ಗೊತ್ತು. ನಡುವೆ ಬಂಡೆ ಬರುವುದು, ಹಳ್ಳ ಬರುವುದು. ಆದರೂ ಅಂದಾಜಿಗೆ ಇದು ಸಾಕು.

ಹೀಗೆ ಒಂದೇ ಮೊತ್ತವನ್ನು ಮತ್ತೆ ಮತ್ತೆ ಕೂಡುವುದರಿಂದ ದೊರೆಯುವ ಸಂಖ್ಯೆಗಳ ಸಾಲಿಗೆ ಸಮಾಂತರ ಶ್ರೇಢಿಯೆಂದು ಹೆಸರು. ಇದರ ಲೆಕ್ಕಾಚಾರ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಆರಂಭದಲ್ಲಿಯೇ ನೃಪತುಂಗನ ಪ್ರಶಂಸೆ ಇದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅದನ್ನು ಮದರಾಸಿನಲ್ಲಿ ಅಚ್ಚು ಮಾಡಿಸಿದ ಮೇಲೆ ಅದು ಹೊರಜಗತ್ತಿನ ಗಮನಕ್ಕೆ ಬಂದಿತು. ಶ್ರೇಢಿಯ ಮೊದಲ ಸಂಖ್ಯೆಗೆ ಮಹಾವೀರನು ಕೊಡುವ ಹೆಸರು ಆದಿ. ಪ್ರತಿ ಸಲ ಕೂಡುವ ಮೊತ್ತ ಚಯ. ಸಂಖ್ಯೆಗಳು ಎಷ್ಟಿವೆಯೋ ಅದು ಗಚ್ಛ. ನಮ್ಮ ಇಳಿಜಾರಿನಲ್ಲಿ ಆದಿ 12, ಚಯ 3, ಗಚ್ಛ 40. ಹೆಸರುಗಳು ಚಿಕ್ಕವು, ಅರ್ಥ ಸ್ಪಷ್ಟ. ಇವು ನಮ್ಮ ಶಾಲೆಯ ಪುಸ್ತಕಗಳಿಂದ ಮರೆಯಾದುದು ನಷ್ಟವೆಂದೇ ನಮ್ಮ ಅಭಿಪ್ರಾಯ.

ಇನ್ನು ಎರಡನೆಯ ಬಗೆಯ ಶ್ರೇಢಿಯನ್ನು ನೋಡೋಣ. ಬಾಬಾ ಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು, ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ಚಿಕ್ಕಮಗಳೂರಿನ ಮಕ್ಕಳಿಗೂ ತಿಳಿದುದೇ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಬೀಜದಿಂದ ಎದ್ದ ಕಾಫಿಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು, ನಾಲ್ಕೆಂದೇ ಹಿಡಿಯೋಣ. ಒಂದು ಗಿಡದ ಬೀಜಗಳಿಂದ ಹತ್ತೇ ಹತ್ತು ಸಸಿಗಳನ್ನು ಬೆಳೆಸಲಾಯಿತೆಂದು ಊಹಿಸೋಣ. ತಲೆಮಾರಿನಿಂದ ತಲೆಮಾರಿಗೆ ಗಿಡಗಳ ಸಂಖ್ಯೆ 7, 70, 700, 7,000 ಎಂದು ಏರುತ್ತ ಇಪ್ಪತ್ತನಾಲ್ಕನೆಯ ವರ್ಷದ ತಲೆಮಾರಿನಲ್ಲಿ 70,00,000 ಆಗುವುದು. ಇಲ್ಲಿ ಕೂಡುವುದಿಲ್ಲ, ಪ್ರತಿ ಸಲವೂ ಒಂದೇ ಸಂಖ್ಯೆಯಿಂದ ಗುಣಿಸುತ್ತೇವೆ. ಇದು ಗುಣೋತ್ತರ ಶ್ರೇಢಿ.

ಏಳು ತಲೆಮಾರುಗಳ ಗಿಡಗಳನ್ನೆಲ್ಲ ಸೇರಿಸಿದರೆ ಎಷ್ಟು? ಮಹಾವೀರನ ಸೂತ್ರ ಹೀಗಿದೆ: ಗಚ್ಛ ಎಷ್ಟಿದೆಯೋ ಅಷ್ಟು ಸಲ ಆದಿಯನ್ನು ಗುಣಿಸಿದರೆ ಗುಣಧನ ಬರುವುದು; ಅದರಲ್ಲಿ ಆದಿಯನ್ನು ಕಳೆದು, ಗುಣಕದಲ್ಲಿ ಒಂದನ್ನು ಕಳೆದು ಉಳಿದುದರಿಂದ ಭಾಗಿಸಿದರೆ ಒಟ್ಟು ಮೊತ್ತ. ಏಳನ್ನು ಏಳು ಸಲ ಹತ್ತರಿಂದ ಗುಣಿಸಿದರೆ ಏಳು ಕೋಟಿ. ಏಳನ್ನು ಕಳೆದರೆ 6,99,99,993. ಒಂಬತ್ತರಿಂದ ಭಾಗಿಸಿದರೆ 77,77,777. ಓದುಗರು ಬೇಕಾದರೆ ಒಂದೊಂದಾಗಿ ಕೂಡಿ ನೋಡಬಹುದು.

ಅರೇಬಿಕಾ ಗಿಡಗಳನ್ನು ಆರಾರು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 1,210 ಹಿಡಿಯುವುವು. ಇಪ್ಪತ್ತನಾಲ್ಕನೆಯ ವರ್ಷದ ತಲೆಮಾರಿಗೆ ಸುಮಾರು 5,800 ಎಕರೆ ಸಾಕು. ಆದರೆ ಇನ್ನು ಹನ್ನೆರಡೇ ವರ್ಷ ಕಳೆದರೆ 58 ಲಕ್ಷ ಎಕರೆ ಬೇಕು! ಈಗಿನ ಚಿಕ್ಕಮಗಳೂರು ಜಿಲ್ಲೆಯ ಇಡೀ ವಿಸ್ತೀರ್ಣ, ಕಾಡು ಕೆರೆ ಊರುಗಳೆಲ್ಲ ಸೇರಿ, ಸುಮಾರು 18 ಲಕ್ಷ ಎಕರೆ. ನಿಜವಾಗಿ ನಡೆದುದೇ ಬೇರೆ. ದೊಡ್ಡ ತೋಟಗಳು ಇಲ್ಲಿ ಎದ್ದುದು 19ನೆಯ ಶತಮಾನದಲ್ಲಿ. ಕೊಳ್ಳುವವರು ಇಲ್ಲದೆ, ದುಡಿಯುವ ಕೈ ಸಾಲದೆ, ಕಾಡು ಕಡಿಯುವ ಕಷ್ಟದಿಂದ ಆ ಗುಣಾಕಾರ ಹೆಜ್ಜೆಹೆಜ್ಜೆಗೂ ತಡೆಯಲ್ಪಟ್ಟಿತು. ಮಣ್ಣಿನಲ್ಲಿ ಬೆಳೆಯುವ ಯಾವ ಜೀವಿಯೂ ಗುಣೋತ್ತರ ಶ್ರೇಢಿಯನ್ನು ಬಹುಕಾಲ ಹಿಂಬಾಲಿಸಲಾರದು.

ಕಣ್ಣೆದುರಿಗೆ ಒಂದು ಸಾಲು ಸಂಖ್ಯೆಗಳಿದ್ದರೆ ಅದು ಯಾವ ಶ್ರೇಢಿಯೆಂದು ತಿಳಿಯುವ ಬಗೆ ಹೇಗೆ? ಪ್ರತಿಯೊಂದು ಸಂಖ್ಯೆಯಿಂದ ಅದರ ಹಿಂದಿನದನ್ನು ಕಳೆಯಿರಿ. ಉತ್ತರ ಒಂದೇ ಬಂದರೆ ಸಮಾಂತರ. ಭಾಗಿಸಿರಿ, ಉತ್ತರ ಒಂದೇ ಬಂದರೆ ಗುಣೋತ್ತರ. ಪರೀಕ್ಷೆ ಇಷ್ಟೇ. ಆದರೆ ಎರಡೇ ಸಂಖ್ಯೆಗಳನ್ನು ನೋಡಿ ತೀರ್ಮಾನಿಸಲಾಗದು. ಕಡಮೆಯೆಂದರೆ ಮೂರು ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದಕ್ಕೆ ಒಪ್ಪುವ ಉದಾಹರಣೆಯೆಂದರೆ ಚಾರ್ಮಾಡಿ ಘಾಟಿಯ ಪ್ರಯಾಣ. ಕರಾವಳಿಯಿಂದ ಹೊರಟು ಘಾಟಿಯನ್ನೇರಿ ಸಾವಿರ ಮೀಟರಿಗೆ ಹತ್ತಿರದ ಈ ಎತ್ತರಕ್ಕೆ ಬರುವವರಿಗೆ ಮೊದಲು ತಿಳಿಯುವುದು ತಂಪು. ಗಾಳಿಯ ಉಷ್ಣತೆ ಸರಾಸರಿಯಲ್ಲಿ ಸಾವಿರ ಮೀಟರಿಗೆ ಆರೂವರೆ ಸೆಲ್ಸಿಯಸ್ ಡಿಗ್ರಿಯಂತೆ ಇಳಿಯುವುದು. ಮುಂದಿನ ಸಾವಿರಕ್ಕೂ ಅಷ್ಟೇ. ಇದು ಇಳಿಯುವ ಸಮಾಂತರ ಶ್ರೇಢಿ. ಗಾಳಿಯ ಒತ್ತಡದ ಮಾತು ಬೇರೆ. ಸಮುದ್ರಮಟ್ಟದಲ್ಲಿ ಸರಾಸರಿ 1013 ಮಿಲಿಬಾರ್ ಇರುವ ಒತ್ತಡ ಸಾವಿರ ಮೀಟರಿನಲ್ಲಿ 899, ಎರಡು ಸಾವಿರದಲ್ಲಿ, ಎಂದರೆ ಮುಳ್ಳಯ್ಯನಗಿರಿಗಿಂತ ತುಸು ಮೇಲೆ, 795, ಮೂರು ಸಾವಿರದಲ್ಲಿ 701. ಕಳೆದು ನೋಡಿದರೆ 114, 104, 94, ಒಂದೇ ಅಲ್ಲ. ಭಾಗಿಸಿ ನೋಡಿದರೆ ಮೂರೂ ಸಲ ಹೆಚ್ಚುಕಡಮೆ 0.88. ಕಾರಣವೂ ಸರಳ. ಗಾಳಿಯ ಪ್ರತಿಯೊಂದು ಪದರವೂ ತನ್ನ ಮೇಲಿರುವ ಗಾಳಿಯ ಭಾರದಿಂದ ಒತ್ತಲ್ಪಟ್ಟಿದೆ. ಮೇಲೆ ಹೋದಂತೆ ಒತ್ತಡ ಕಡಮೆ, ಆದುದರಿಂದ ಗಾಳಿ ತೆಳು, ಆದುದರಿಂದ ಆ ಪದರದ ಭಾರವೂ ಕಡಮೆ. ಹೀಗಾಗಿ ಪ್ರತಿ ಪದರವನ್ನು ದಾಟಿದಾಗಲೂ ಕಳೆದುಹೋಗುವುದು ಒಂದೇ ಮೊತ್ತವಲ್ಲ, ಉಳಿದುದರ ಒಂದೇ ಪಾಲು.

ಇದನ್ನು ಸಮಾಂತರವೆಂದು ತಿಳಿದವನು ಮೊದಲ ಸಾವಿರ ಮೀಟರಿನ 114ನ್ನೇ ಕಳೆಯುತ್ತ ಹೋದರೆ ಒಂಬತ್ತು ಸಾವಿರ ಮೀಟರಿನೊಳಗೆ ಗಾಳಿಯೇ ಮುಗಿಯುವುದು; 8,849 ಮೀಟರಿನ ಎವರೆಸ್ಟ್ ಶಿಖರದ ಮೇಲೆ ಉಸಿರಾಟದ ಮಾತೇ ಇಲ್ಲ. ವಾಸ್ತವವಾಗಿ ಅಲ್ಲಿ ಸಮುದ್ರಮಟ್ಟದ ಒತ್ತಡದ ಮೂರನೆಯ ಒಂದು ಪಾಲು ಇದೆ. 1978ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಎಂಬ ಇಬ್ಬರು ಆಮ್ಲಜನಕದ ಸಿಲಿಂಡರುಗಳಿಲ್ಲದೆಯೇ ಅದನ್ನೇರಿ ಇಳಿದರು.

ಗುಡ್ಡದ ಗಾಳಿಗಿಂತ ನಮ್ಮ ಜನರಿಗೆ ಹತ್ತಿರದ ಲೆಕ್ಕ ಸಾಲದ್ದು. ತಿಂಗಳಿಗೆ ಸೇಕಡಾ ಎರಡು ರೂಪಾಯಿ ಬಡ್ಡಿಯಂತೆ ಒಬ್ಬನು ಹತ್ತು ಸಾವಿರ ರೂಪಾಯಿ ತಂದನೆನ್ನೋಣ. ಸರಳಬಡ್ಡಿಯಾದರೆ ತಿಂಗಳಿಗೆ ಇನ್ನೂರು ಕೂಡುತ್ತದೆ: ಸಮಾಂತರ ಶ್ರೇಢಿ. ಕಟ್ಟದ ಬಡ್ಡಿ ಅಸಲಿಗೆ ಸೇರುವ ಚಕ್ರಬಡ್ಡಿಯಾದರೆ ಪ್ರತಿ ತಿಂಗಳೂ ಸಾಲ 1.02ರಿಂದ ಗುಣಿಸಲ್ಪಡುತ್ತದೆ: ಗುಣೋತ್ತರ ಶ್ರೇಢಿ. ಒಂದು ವರ್ಷದ ಕೊನೆಗೆ ಮೊದಲನೆಯದು 12,400, ಎರಡನೆಯದು 12,682. ಇನ್ನೂರೆಂಬತ್ತೆರಡು ರೂಪಾಯಿಗಾಗಿ ಯಾರು ಜಗಳವಾಡುವರು? ಐದು ವರ್ಷಕ್ಕೆ 22,000 ಮತ್ತು 32,810. ಹತ್ತು ವರ್ಷಕ್ಕೆ ಮೊದಲನೆಯದು 34,000, ಎರಡನೆಯದು 1,07,652. ಆರಂಭದಲ್ಲಿ ಎರಡು ಶ್ರೇಢಿಗಳೂ ಅವಳಿಮಕ್ಕಳಂತೆ ಕಾಣುವುದೇ ಇದರ ಅಪಾಯ. ಕಾಫಿಗಿಡಕ್ಕೆ ನೆಲ ಬೇಕು, ನೆರಳು ಬೇಕು, ಮಳೆ ಬೇಕು. ಸಾಲಕ್ಕೆ ಇವು ಯಾವುವೂ ಬೇಡ. ಕಾಗದದ ಮೇಲೆ ಅದರ ಗುಣಾಕಾರವನ್ನು ತಡೆಯುವುದು ಯಾವುದೂ ಇಲ್ಲ.

ಮೂರು ವರ್ಷದ ಚಕ್ರಬಡ್ಡಿಗೆ 1.02ನ್ನು ಮೂವತ್ತಾರು ಸಲ ತೆಗೆದುಕೊಂಡು ಗುಣಿಸಬೇಕಲ್ಲವೆಂದು ಗಾಬರಿಯಾಗಬೇಕಿಲ್ಲ. ಮಹಾವೀರನು ಗುಣಧನಕ್ಕೆ ಹೇಳಿರುವ ಕ್ರಮವನ್ನು ಅನುಸರಿಸೋಣ. ಗಚ್ಛವನ್ನು ಅರ್ಧಿಸುತ್ತ ಹೋಗಿ, ಬೆಸವಾದರೆ ಒಂದನ್ನು ಕಳೆಯಿರಿ: 36, 18, 9, 8, 4, 2, 1. ಈಗ ಕೆಳಗಿನಿಂದ ಹಿಂದಿರುಗಿರಿ. ಅರ್ಧಿಸಿದ ಕಡೆ ವರ್ಗ ಮಾಡಿ, ಒಂದನ್ನು ಕಳೆದ ಕಡೆ 1.02ರಿಂದ ಗುಣಿಸಿರಿ. 1.02ರ ವರ್ಗ 1.0404, ಅದರ ವರ್ಗ 1.0824, ಅದರ ವರ್ಗ 1.1717, 1.02ರಿಂದ ಗುಣಿಸಿದರೆ 1.1951, ವರ್ಗ 1.4282, ಮತ್ತೊಂದು ವರ್ಗ 2.0399. ಮೂವತ್ತೈದು ಗುಣಾಕಾರಗಳ ಕೆಲಸ ಆರರಲ್ಲಿ ಮುಗಿಯಿತು. ಮೂರು ವರ್ಷದಲ್ಲಿ ಸಾಲ ಎರಡರಷ್ಟನ್ನು ದಾಟಿತು. ಸರಳಬಡ್ಡಿಯಲ್ಲಿ ಅದು ಎರಡರಷ್ಟಾಗಲು ಐವತ್ತು ತಿಂಗಳು ಬೇಕು.

ಇದೇ ಶ್ರೇಢಿ ಸಾಲಗಾರನ ಪರವಾಗಿಯೂ ನಿಲ್ಲಬಲ್ಲದು. ತಿಂಗಳಿಗೆ ಇನ್ನೂರು ರೂಪಾಯಿ ಮಾತ್ರ ಕಟ್ಟಿದರೆ ಅದು ಬಡ್ಡಿಗೇ ಸರಿಹೋಗಿ ಅಸಲು ಇದ್ದಲ್ಲಿಯೇ ಇರುವುದು. ನಾನೂರು ಕಟ್ಟಿದನೆನ್ನೋಣ. ಮೊದಲ ತಿಂಗಳು ಅಸಲಿನಲ್ಲಿ ಇನ್ನೂರು ತೀರುವುದು. ಅಷ್ಟರ ಮೇಲಿನ ಬಡ್ಡಿ ಮುಂದಿನ ತಿಂಗಳಿಗೆ ಇಲ್ಲವಾದುದರಿಂದ ಆಗ ಅಸಲಿನಲ್ಲಿ ತೀರುವುದು 204, ಅದರ ಮುಂದೆ 208.08. ತೀರುವ ಅಸಲು ತಾನೇ 1.02ರ ಗುಣೋತ್ತರ ಶ್ರೇಢಿಯಾಯಿತು. ಮಹಾವೀರನ ಸೂತ್ರದಿಂದ ಕೂಡಿದರೆ ಮೂವತ್ತೈದು ಕಂತುಗಳ ಬಳಿಕ ಉಳಿಯುವ ಸಾಲ ಒಂದು ರೂಪಾಯಿ ಚಿಲ್ಲರೆ. ಏನೂ ಕಟ್ಟದಿದ್ದರೆ ಸಾಲ ಇಮ್ಮಡಿಯಾಗುವುದಕ್ಕೆ ಎಷ್ಟು ಕಾಲವೋ, ಬಡ್ಡಿಯ ಎರಡರಷ್ಟು ಕಟ್ಟುತ್ತ ಬಂದರೆ ಅದು ತೀರುವುದಕ್ಕೂ ಅಷ್ಟೇ ಕಾಲ. ಈ ಸಮತೆ ಆಕಸ್ಮಿಕವಲ್ಲ. ಎರಡೂ ಕಡೆ ಕೇಳಿರುವ ಪ್ರಶ್ನೆ 1.02 ಎಷ್ಟು ಸಲ ಗುಣಿಸಿದರೆ 2 ಆಗುವುದೆಂಬುದೇ.

ಕಾಫಿ ಬೆಳೆಗಾರನಿಗೆ ತಿಂಗಳ ಕಂತು ಕಷ್ಟ. ಕೊಯ್ಲು ಮುಗಿದು ಫಸಲು ಮಾರಿದ ಮೇಲೆಯೇ ಅವನ ಕೈಗೆ ಹಣ ಬರುವುದು, ಅದೂ ವರ್ಷಕ್ಕೊಮ್ಮೆ. ಅಷ್ಟರಲ್ಲಿ ಹತ್ತು ಸಾವಿರಕ್ಕೆ 2,682 ರೂಪಾಯಿ ಬಡ್ಡಿ ಸೇರಿರುತ್ತದೆ. ಅದಕ್ಕಿಂತ ಕಡಮೆ ಕಟ್ಟಿದವನ ಸಾಲ ಆ ವರ್ಷವೂ ಏರಿಯೇ ಏರುವುದು. ಮೂರು ಕೊಯ್ಲುಗಳಲ್ಲಿ ಋಣ ಹರಿಯಬೇಕಾದರೆ ಪ್ರತಿ ಸಲವೂ 5,262 ರೂಪಾಯಿ ಕಟ್ಟತಕ್ಕದ್ದು.