ಮೈಸೂರಿನ ಬಳ್ಳಿಗೆ ಬೇಕು ಎಂಟಡಿ ಚಪ್ಪರ

ಮೈಸೂರು ಪಾಕು ಗೊತ್ತು, ಮೈಸೂರು ಮಲ್ಲಿಗೆ ಗೊತ್ತು, ಮೈಸೂರು ವೀಳ್ಯದೆಲೆ ಗೊತ್ತು. ಮೈಸೂರು ಬಳ್ಳಿ? ‘ಅದ್ಯಾವುದು ಸ್ವಾಮಿ?’ ಅನ್ನುವವರೇ ಜಾಸ್ತಿ.

ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದು ತುನ್‌ಬರ್ಜಿಯಾ ಮೈಸೂರೆನ್ಸಿಸ್. ಹೆಸರಿನ ಮೊದಲರ್ಧ ಸ್ವೀಡನ್ನಿನ ಸಸ್ಯವಿಜ್ಞಾನಿ ತುನ್‌ಬರ್ಗ್ (1743–1828) ನೆನಪಿಗೆ, ಉಳಿದರ್ಧ ಮೈಸೂರಿಗೆ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಬಳ್ಳಿ ಮಾತ್ರ ಹಳೇ ಹೆಸರಲ್ಲೇ ಇದೆ.

ಇದರ ತವರು ಪಶ್ಚಿಮಘಟ್ಟದ ಕಾಡು. ಇಂಗ್ಲೆಂಡಿನಲ್ಲಿ ಇದಕ್ಕೆ ರಾಜೋಪಚಾರ. ಹಿಮ ಬಿದ್ದರೆ ಸಾಯುವ ಸುಕುಮಾರಿ ಅಂತ ಗಾಜಿನ ಮನೆಯಲ್ಲಿಟ್ಟು, ಚಳಿ 10 ಡಿಗ್ರಿಗಿಂತ ಕೆಳಗಿಳಿಯದಂತೆ ಕಾಯುತ್ತಾರೆ. ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದಕ್ಕೆ ಉತ್ತಮ ತೋಟದ ಗಿಡವೆಂಬ ಪ್ರಶಸ್ತಿಯನ್ನೂ ಕೊಟ್ಟಿದೆ.

ಇಲ್ಲಿ ಆಗೋದೇನು? ನರ್ಸರಿಯಿಂದ ತಂದವರು ಕಾಂಪೌಂಡ್ ಗೋಡೆಗೋ ಕಿಟಕಿ ಸರಳಿಗೋ ಹಬ್ಬಿಸಿಬಿಡುತ್ತಾರೆ. ಹಳದಿ-ಕಂದುಗೆಂಪು ಹೂವು ಗೊಂಚಲಾಗಿ ಕೆಳಕ್ಕೆ ಜೋತುಬೀಳಬೇಕು. ಗೋಡೆಗೆ ಒತ್ತಿದರೆ ಎಲೆಯೊಳಗೇ ಹುದುಗಿಹೋಗುತ್ತದೆ. ನೆಟ್ಟ ವರ್ಷವೇ ಹೂ ಬಿಡಲಿಲ್ಲ ಅಂತ ಕಿತ್ತೆಸೆಯುವವರೂ ಇದ್ದಾರೆ. ತಪ್ಪು ಗಿಡದ್ದಲ್ಲ, ಚಪ್ಪರದ್ದು ಮತ್ತು ಆತುರದ್ದು.

ಚಪ್ಪರ ಎಂಟಡಿ ಎತ್ತರವಿರಲಿ. ಗೊಂಚಲು ಎರಡಡಿ ಇಳಿದರೂ ಜನ ತಲೆ ತಗ್ಗಿಸದೆ ಓಡಾಡಬಹುದು. ಬಳ್ಳಿ 20 ಅಡಿ ಹಬ್ಬುವುದರಿಂದ ಭಾರ ಹೆಚ್ಚು. ಬಿದಿರು ಮಳೆಗೆ ಲಡ್ಡಾಗುತ್ತದೆ. ಕಬ್ಬಿಣದ ಪೈಪು ಇಲ್ಲವೇ ಕಲ್ಲುಕಂಬ ಮೇಲು. ವಿದ್ಯುತ್ ಕಂಬಕ್ಕಂತೂ ಹಬ್ಬಿಸಲೇಬೇಡಿ.

ನೆಡಲು ಮುಂಗಾರಿನ ಶುರುವೇ ಸರಿ. ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಎಳೇ ಕುಡಿ ಕೈ ತಾಕಿದರೂ ಮುರಿಯುತ್ತದೆ, ಆದ್ದರಿಂದ ತಂತಿ ಬೇಡ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಮೊದಲ ಬೇಸಿಗೆ ಗಂಡಾಂತರದ ಕಾಲ: ಬುಡಕ್ಕೆ ಒಣಗಿದೆಲೆ ಹೊದಿಸಿ, ನೀರು ತಪ್ಪಿಸಬೇಡಿ. ತುದಿಗೆ ಬೆಳಕು, ಬುಡಕ್ಕೆ ನೆರಳು, ಇಷ್ಟೇ ಗುಟ್ಟು. ಹೂ ಮುಗಿದ ಮೇಲೆ ಕತ್ತರಿ ಆಡಿಸಿ.

ಅಂಗಡಿಯವರಿಗೊಂದು ಕಿವಿಮಾತು. ಹೂವಿನಲ್ಲಿ ಮಕರಂದ ಜಾಸ್ತಿ, ತೊಟ್ಟಿಕ್ಕುತ್ತದೆ. ಸೂರಕ್ಕಿಗಳು ಬರುತ್ತವೆ, ಹಿಂದೆಯೇ ಇರುವೆಯೂ ಬರುತ್ತದೆ. ಚಪ್ಪರದಡಿ ಬಟ್ಟೆ, ಬೆಲ್ಲ ಇಡಬೇಡಿ. ಗಿರಾಕಿಗೊಂದು ಬೆಂಚು ಹಾಕಿ.

ಘಟ್ಟಕ್ಕೆ ಪ್ರವಾಸ ಹೋದಾಗ ಕಾಡಿನ ಬಳ್ಳಿಯನ್ನೇ ಬೇರುಸಹಿತ ಕೀಳುವುದು ಬೇಡ. ಬಲಿತ ಕಡ್ಡಿಯಿಂದ ಸಸಿ ಆಗುತ್ತದೆ; ಬೆಳೆಸಿದವರನ್ನು ಕೇಳಿದರೆ ಒಂದು ತುಂಡು ಕೊಡದೆ ಇರುತ್ತಾರೆಯೇ?

ಪರದೇಶದವರು ಗಾಜಿನ ಮನೆ ಕಟ್ಟಿ ಸಾಕುವ ಬಳ್ಳಿಗೆ ತವರಲ್ಲಿ ಬೇಕಾದ್ದು ನಾಲ್ಕು ಕಂಬ ಮತ್ತು ಎರಡು ವರ್ಷದ ತಾಳ್ಮೆ.